ಸೆಲ್ಫ್ ಹೊಡೆಯುತ್ತೆ, ಕಾರು ಸ್ಟಾರ್ಟ್ ಆಗಲ್ಲ

ಸೋಮವಾರ ಬೆಳಗಿನ ಐದೂಕಾಲು. ವಿಜಯವಾಡದಲ್ಲಿ ಅಕ್ಕನ ಅಪಾರ್ಟ್‌ಮೆಂಟಿನ ನೆಲಮಾಳಿಗೆ. ಹಿಂದಿನ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ಡಯಾಲಿಸಿಸ್ ಫೈಲು. ಕೀ ತಿರುಗಿಸಿದೆ. ಇಂಜಿನ್ ಎರಡು ಸುತ್ತು ಸುಸ್ತಾಗಿ ತಿರುಗಿ ನಿಂತಿತು. ಮೀಟರ್ ಬೋರ್ಡಿನಲ್ಲಿ ಕೀ ಚಿತ್ರದ ಸಣ್ಣ ದೀಪ ಪಟಪಟನೆ ಮಿನುಗತೊಡಗಿತು.

"ಏನಾಯ್ತೋ?" ಎಂದರು ಅಮ್ಮ.

ಭಾವ ಓಡಿಹೋಗಿ ಆಟೋ ಕರೆತಂದರು. ಆರು ಗಂಟೆಯ ಸರದಿ ತಪ್ಪಲಿಲ್ಲ. ಆದರೆ ನನಗೆ ಹೆದರಿಕೆ ಇದ್ದದ್ದು ಬುಧವಾರದ್ದು. ನಾವಿರುವುದು ವಿಶಾಖಪಟ್ಟಣದಲ್ಲಿ. ಅಮ್ಮನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಕ್ಕನ ಮನೆಯಲ್ಲಿ ನಾಲ್ಕು ದಿನ ಇರಲಿ ಎಂದು ಕರೆತಂದಿದ್ದೆ. ಸೋಮವಾರದ ಸರದಿ ಇಲ್ಲಿ, ಬುಧವಾರ ಬೆಳಗಿನದು ಅಲ್ಲಿ. ನಡುವೆ ರಾಷ್ಟ್ರೀಯ ಹೆದ್ದಾರಿ 16ರ ಸುಮಾರು 350 ಕಿಲೋಮೀಟರ್. ರೈಲು ಹತ್ತಿ ಇಳಿಯುವ ಶಕ್ತಿ ಅವರಿಗಿಲ್ಲ. ಕಾರಾದರೆ ಬೇಕೆಂದಲ್ಲಿ ನಿಲ್ಲಿಸಬಹುದು, ಸೀಟು ಒರಗಿಸಿ ಮಲಗಿಸಬಹುದು. ಮಂಗಳವಾರ ಹೊರಡಲೇಬೇಕು.

ಆ ದೀಪ ನನಗೆ ಹೊಸದಲ್ಲ. ಒಂದೂವರೆ ತಿಂಗಳ ಹಿಂದೆ ವಿಶಾಖಪಟ್ಟಣದಲ್ಲೂ ಹೀಗೇ ಆಗಿತ್ತು. ಅಲ್ಲಿನ ವರ್ಕ್‌ಶಾಪಿನವರು ಬ್ಯಾಟರಿ ಬದಲಿಸಿದರು. ಮೂರು ವಾರ ಸರಿಯಾಗಿತ್ತು, ಮತ್ತೆ ಶುರುವಾಯಿತು. ಎರಡನೇ ಸಲ ಸ್ಕ್ಯಾನರ್ ಚುಚ್ಚಿ ನೋಡಿ, "ಇಮೊಬಿಲೈಸರ್ ಹೋಗಿದೆ ಸರ್, ಇಸಿಯು ಜೊತೆಗೇ ಹಾಕಬೇಕು, ಅರವತ್ತೆಂಟು ಸಾವಿರ ಆಗುತ್ತೆ" ಎಂದರು. ಇಸಿಯು ಅಂದರೆ ಇಂಜಿನ್ನನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ. ಹತ್ತು ವರ್ಷದ ಡೀಸೆಲ್ ಕಾರಿಗೆ ಅಷ್ಟು ಸುರಿಯಬೇಕೇ ಎಂದು ಯೋಚಿಸುತ್ತಾ ದಿನ ತಳ್ಳುತ್ತಿದ್ದೆ.

ಇಮೊಬಿಲೈಸರ್ ಕೆಲಸ ಅರ್ಥವಾಗಲು ನಮ್ಮ ಭಾಷೆಗಳೇ ಸಾಕು. ನಾವು ಬೀಗದ ಕೈ ಅನ್ನುತ್ತೇವೆ. ತೆಲುಗಿನವರು ತಾಳಂ ಚೆವಿ ಅನ್ನುತ್ತಾರೆ. ಚೆವಿ ಅಂದರೆ ಕಿವಿ. ಹಳೆಯ ಕಾರಿಗೆ ಕೈ ಇದ್ದರೆ ಸಾಕಿತ್ತು, ಹೊಸದಕ್ಕೆ ಕಿವಿಯೂ ಬೇಕು. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಡ. ರಿಮೋಟಿನ ಬಟನ್ ಸೆಲ್ ಬಾಗಿಲು ತೆರೆಯಲು ಮಾತ್ರ. ಇಗ್ನಿಷನ್ ಆನ್ ಮಾಡಿದಾಗ ಕೀ ತೂರಿಸುವ ಜಾಗದ ಸುತ್ತ ಇರುವ ತಂತಿಯ ಸುರುಳಿ 125 ಕಿಲೋಹರ್ಟ್ಸ್ ಆಸುಪಾಸಿನ ಅಲೆ ಹೊರಡಿಸುತ್ತದೆ. ಆ ಅಲೆಯಿಂದಲೇ ಶಕ್ತಿ ಪಡೆದು ಚಿಪ್ ತನ್ನ ಗುರುತು ಹೇಳುತ್ತದೆ. ಗುರುತು ತಾಳೆಯಾದರೆ ಮಾತ್ರ ಇಸಿಯು ಡೀಸೆಲ್ ಬಿಡುತ್ತದೆ. ಇಲ್ಲದಿದ್ದರೆ ಕೆಲವು ಕಾರುಗಳಲ್ಲಿ ಸೆಲ್ಫೇ ತಿರುಗುವುದಿಲ್ಲ. ಕೆಲವದರಲ್ಲಿ ಸೆಲ್ಫ್ ತಿರುಗಿದರೂ ಇಂಜಿನ್ ಹತ್ತುವುದಿಲ್ಲ. ಕೆಲವು ಹತ್ತಿ, ಒಂದೆರಡು ಸೆಕೆಂಡಿನಲ್ಲಿ ಆರಿಹೋಗುತ್ತವೆ.

ಇದು ಬೇಡದ ತಲೆನೋವು ಅನ್ನುವ ಹಾಗೂ ಇಲ್ಲ. ಜರ್ಮನಿಯಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ. ಅಮೆರಿಕದಲ್ಲಿ 2011ರಿಂದ 2021ರವರೆಗೆ ಮಾರಾಟವಾದ ಕಿಯಾ, ಹ್ಯುಂಡೈನ ಅನೇಕ ಮಾದರಿಗಳಲ್ಲಿ ಇದಿರಲಿಲ್ಲ. ಹುಡುಗರು ಯುಎಸ್‌ಬಿ ಕೇಬಲ್ಲಿನ ತುದಿ ಹಾಕಿ ತಿರುಗಿಸಿ ಅವನ್ನು ಕದ್ದರು.

ಮಂಗಳವಾರ ಬೆಳಿಗ್ಗೆ ಭಾವ ತಮ್ಮ ಸ್ಕೂಟರಿನಲ್ಲಿ ಒಬ್ಬ ಹಿರಿಯ ಎಲೆಕ್ಟ್ರೀಷಿಯನ್ನರನ್ನು ಆಟೋನಗರದಿಂದ ಕರೆತಂದರು. ವಿಜಯವಾಡದ ಆಟೋನಗರ ಲಾರಿಗಳಿಗೆ ಬಾಡಿ ಕಟ್ಟುವುದಕ್ಕೆ ಹೆಸರಾದದ್ದು. ವೈರಿಂಗ್, ಡೈನಮೊ, ಪಂಪು, ರೇಡಿಯೇಟರ್ ಎಲ್ಲಕ್ಕೂ ಅಲ್ಲಿ ಜನ ಸಿಗುತ್ತಾರೆ. ಎಲ್ಲರೂ ಅವರನ್ನು ಮೇಸ್ತ್ರಿ ಗಾರು ಅನ್ನುತ್ತಾರಂತೆ. ಕೈಯಲ್ಲಿ ಒಂದು ಮಲ್ಟಿಮೀಟರ್, ಹೆಗಲಿಗೆ ಜಂಪರ್ ಕೇಬಲ್, ಅಷ್ಟೇ.

ನಾನು ಇಮೊಬಿಲೈಸರ್, ಇಸಿಯು ಎಂದು ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದು ಕೇಳಿದ್ದು ಒಂದೇ: "ತಿರುಗುತುಂದಾ, ತಿರಗದಾ?"

ಇದನ್ನು ನಮಗೆ ಯಾರೂ ಅನುವಾದಿಸಬೇಕಾಗಿಲ್ಲ. ಇಂಜಿನ್ ತಿರುಗುತ್ತದೋ ಇಲ್ಲವೋ? ಪೂರ್ತಿ ತಿರುಗದಿದ್ದರೆ ಹುಡುಕುವುದು ಬ್ಯಾಟರಿ, ಸೆಲ್ಫ್, ರಿಲೇ ಕಡೆ. ಚುರುಕಾಗಿ ತಿರುಗಿಯೂ ಹತ್ತದಿದ್ದರೆ ಡೀಸೆಲ್, ಸೆನ್ಸರ್, ಇಮೊಬಿಲೈಸರ್ ಕಡೆ. ನನ್ನದು ಮೂರನೆಯದು: ತಿರುಗುತ್ತದೆ, ಆದರೆ ಸುಸ್ತಾಗಿ. ಅದನ್ನು ಹೇಳಿದಾಗ ಅವರು ತಲೆಯಾಡಿಸಿ ಬಾನೆಟ್ ಎತ್ತಿದರು.

ಮೊದಲು ಬ್ಯಾಟರಿಯ ಎರಡು ಕೊನೆಗಳ ನಡುವೆ ಮೀಟರ್ ಹಿಡಿದರು. 12.6 ವೋಲ್ಟ್, ತುಂಬಿದ ಬ್ಯಾಟರಿ. ನನಗೆ ಸೆಲ್ಫ್ ಹೊಡೆಯಲು ಹೇಳಿ ನೋಡಿದರು. 10.8. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯದಿದ್ದರೆ ಬ್ಯಾಟರಿ ಚೆನ್ನಾಗಿದೆ ಎಂದು ಲೆಕ್ಕ. ಆಮೇಲೆ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕೊನೆಗೆ, ಕೆಂಪು ಕಡ್ಡಿಯನ್ನು ಇಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಮತ್ತೆ ಹೊಡೆಯಲು ಹೇಳಿದರು. ಸೊನ್ನೆಯ ಹತ್ತಿರ ಇರಬೇಕಾದದ್ದು, ಅರ್ಧ ವೋಲ್ಟ್ ದಾಟಬಾರದ್ದು, 2.9 ತೋರಿಸಿತು.

ಮೇಸ್ತ್ರಿ ಗಾರು ಜಂಪರಿನ ಕಪ್ಪು ಕೇಬಲ್ ತೆಗೆದು ಒಂದು ಕೊನೆ ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಇಂಜಿನ್ನಿನ ಕಬ್ಬಿಣದ ಕೊಕ್ಕೆಗೂ ಸಿಕ್ಕಿಸಿದರು. "ಇಪ್ಪುಡು ಕೊಟ್ಟಂಡಿ" ಎಂದರು. ಹೊಡೆದೆ. ಅರ್ಧ ಸೆಕೆಂಡಿನಲ್ಲಿ ಇಂಜಿನ್ ಹತ್ತಿಕೊಂಡಿತು. ಕೀ ದೀಪ ತಾನಾಗಿ ಆರಿತು.

ದೋಷ ಇದ್ದದ್ದು ಗೇರ್‌ಬಾಕ್ಸ್ ಮತ್ತು ಕಾರಿನ ತಗಡಿನ ನಡುವಿನ ಅರ್ತಿಂಗ್ ಪಟ್ಟಿಯಲ್ಲಿ. ಹೆಣೆದ ತಾಮ್ರದ ಎಳೆಗಳ, ಬೆರಳಗಲದ ಪಟ್ಟಿ. ಬಿಚ್ಚಿ ತೋರಿಸಿದರು: ಅರ್ಧ ಎಳೆಗಳು ಕಡಿದಿದ್ದವು, ಉಳಿದವು ಹಸಿರು ಪುಡಿಯಾಗಿದ್ದವು, ಬೋಲ್ಟ್ ಕೂರುವ ಜಾಗದಲ್ಲಿ ತುಕ್ಕು. "ವೈಜಾಗ್ ಬಂಡಿ ಕದಾ" ಎಂದು ನಕ್ಕರು. ಸಮುದ್ರದ ಉಪ್ಪುಗಾಳಿಯಲ್ಲಿ ಹತ್ತು ವರ್ಷ ನಿಂತ ಗಾಡಿ.

ಡೀಸೆಲ್ ಇಂಜಿನ್ನಿನ ಕಂಪ್ರೆಷನ್ ಹೆಚ್ಚು. ಅದನ್ನು ತಿರುಗಿಸಲು ಸೆಲ್ಫ್ ಮುನ್ನೂರು ಆಂಪಿಯರ್ ಆಸುಪಾಸು ಎಳೆಯುತ್ತದೆ. ಅಷ್ಟು ಕರೆಂಟು ಹರಿಯುವ ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗದಷ್ಟು ತಡೆ ಇದ್ದರೂ ಮೂರು ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಹಾರ್ನ್, ಹೆಡ್‌ಲೈಟಿಗೆ ಬೇಕಾದದ್ದು ಕೆಲವೇ ಆಂಪಿಯರ್, ಹಾಗಾಗಿ ಅವು ಏನೂ ಆಗಿಲ್ಲವೆಂಬಂತೆ ನಡೆಯುತ್ತವೆ. ನಮಗೆ ಮೋಸವಾಗುವುದು ಅಲ್ಲೇ. ನನ್ನ ಕಾರಿನಲ್ಲಿ ಇಸಿಯು ಅರ್ತ್ ಕೂಡ ಇಂಜಿನ್ನಿಗೇ ಸೇರಿತ್ತು. ಸೆಲ್ಫ್ ಹೊಡೆದಾಗ ಅದಕ್ಕೆ ಸಿಗುತ್ತಿದ್ದದ್ದು ಎಂಟು ವೋಲ್ಟ್‌ಗೂ ಕಡಿಮೆ. ಅದು ಕಣ್ಣು ಮುಚ್ಚಿ ಮತ್ತೆ ಎದ್ದು, ಕೀಯ ಗುರುತು ಕೇಳುವುದನ್ನು ಅರ್ಧಕ್ಕೆ ಬಿಡುತ್ತಿತ್ತು. ಅದಕ್ಕೇ ದೀಪ ಮಿನುಗುತ್ತಿತ್ತು. ಇಮೊಬಿಲೈಸರ್ ಸರಿಯಾಗಿಯೇ ಇತ್ತು. ಹೊಸ ಬ್ಯಾಟರಿಯ ಹುಮ್ಮಸ್ಸಿನಲ್ಲಿ ಮೂರು ವಾರ ಹೇಗೋ ನಡೆದಿತ್ತು, ಅಷ್ಟೇ.

ಮನೆಗೆ ಬಂದ ಮೇಲೆ ಹಳೆಯ ಸ್ಕ್ಯಾನ್ ಪ್ರಿಂಟನ್ನು ಮತ್ತೆ ನೋಡಿದೆ. ಇಮೊಬಿಲೈಸರ್ ಸಾಲಿನ ಮೇಲೆಯೇ ಪಿ 0562 ಎಂದಿತ್ತು. ವೋಲ್ಟೇಜ್ ಕಡಿಮೆ ಎನ್ನುವ ಕೋಡ್ ಅದು. ವರ್ಕ್‌ಶಾಪಿನವರೂ ನಾನೂ ಅದನ್ನು ದಾಟಿ ಕೆಳಗಿನ ಸಾಲಿಗೆ ಹೋಗಿದ್ದೆವು.

ನಿಮ್ಮ ಕಾರು ಹೀಗೆ ಕೈಕೊಟ್ಟರೆ, ಖರ್ಚಿಲ್ಲದ್ದರಿಂದ ಖರ್ಚಿನದಕ್ಕೆ ಹೋಗಿ. ಮೊದಲು ಬ್ಯಾಟರಿ ಕೊನೆಗಳು ಸಡಿಲವೇ, ಬಿಳಿ ಪುಡಿ ಕಟ್ಟಿದೆಯೇ ನೋಡಿ. ಆಮೇಲೆ ಮೇಲೆ ಹೇಳಿದ ಮೂರು ಅಳತೆ. ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಕೇಬಲ್ಲು ಬೆಲ್ಟಿಗೆ ಸಿಗದ ಹಾಗೆ ನೋಡಿಕೊಂಡು ಮಾಡಿ. ವೋಲ್ಟೇಜ್ ಎಲ್ಲ ಸರಿಯಿದ್ದು, ಇಂಜಿನ್ ಚುರುಕಾಗಿ ತಿರುಗಿಯೂ ಕೀ ದೀಪ ಮಿನುಗುತ್ತಿದ್ದರೆ ಸ್ಪೇರ್ ಕೀ ಹಾಕಿ ನೋಡಿ. ಗೊಂಚಲಿನಲ್ಲಿ ಇನ್ನೊಂದು ಗಾಡಿಯ ಚಿಪ್ ಕೀ ಇದ್ದರೆ ಬಿಡಿಸಿ. ಎರಡೂ ಒಟ್ಟಿಗೆ ಉತ್ತರ ಕೊಟ್ಟರೆ ಕಾರಿಗೆ ಗೊಂದಲ. ಸ್ಪೇರ್ ಕೀಯಲ್ಲೂ ಆಗದಿದ್ದರೆ ಕೀ ತೂತಿನ ಸುತ್ತಲಿನ ಸುರುಳಿಯ ಕನೆಕ್ಟರ್ ತೋರಿಸಿ.

ದೀಪ ಸರಿಯಾಗಿ ಆರುತ್ತದೆ, ಇಂಜಿನ್ ತಿರುಗುತ್ತದೆ, ಆದರೂ ಹತ್ತುವುದಿಲ್ಲ ಅಂದರೆ ಮಾತು ಬೇರೆ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲುಗದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನಪಡಬಹುದು. ಡೀಸೆಲ್ ಫಿಲ್ಟರಿನಲ್ಲಿ ನೀರು, ಪೈಪಿನಲ್ಲಿ ಗಾಳಿ ಇದ್ದರೂ ಹೀಗಾಗುತ್ತದೆ. ಗ್ಲೋ ಪ್ಲಗ್ ಕಾಟ ದೆಹಲಿಯ ಜನವರಿಯಲ್ಲಿರುವವರಿಗೆ. ನಮ್ಮ ಕರಾವಳಿಯ ಬಿಸಿಲಿಗೆ ಅದರ ನೆನಪೇ ಬರುವುದಿಲ್ಲ. ಇಸಿಯು ಕೊನೆಯ ಸರದಿ. ಇಮೊಬಿಲೈಸರನ್ನೇ ತಪ್ಪಿಸಿ ವೈರ್ ಕೊಡುತ್ತೇನೆ ಎನ್ನುವವರಿಗೆ ಬೇಡ ಅನ್ನಿ. ಗಾಡಿ ಕಳುವಾದರೆ ವಿಮೆಯವರು ಎರಡೂ ಕೀ ಕೇಳುತ್ತಾರೆ, ಆಗ ಇಂಥ ಕೆಲಸ ಹೊರಬಂದರೆ ಹಣ ಬರುವುದು ಕಷ್ಟ.

ಮೇಸ್ತ್ರಿ ಗಾರು ತುಕ್ಕು ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಬಳಿದರು. ಮತ್ತೆ ಅಳೆದಾಗ 0.1. ಪಟ್ಟಿಗೆ 350, ಕೂಲಿ 500. ಸಾವಿರ ಕೊಟ್ಟರೆ ಚಿಲ್ಲರೆ ಹುಡುಕಿ ವಾಪಸ್ ಕೊಟ್ಟರು.

ಹನ್ನೊಂದಕ್ಕೆ ಹೊರಟೆವು. ಏಲೂರು ದಾಟುವಾಗ ಅಮ್ಮ ನಿದ್ದೆಯಲ್ಲಿದ್ದರು. ಮಧ್ಯಾಹ್ನ ಒಂದು ಢಾಬಾದ ಮುಂದೆ ನಿಲ್ಲಿಸಿದೆ. ಇಂಜಿನ್ ಆರಿಸಲು ಕೈ ಹೋಗಲಿಲ್ಲ, ಹಾಗೇ ಕೂತಿದ್ದೆ. ಅಮ್ಮ ಕಣ್ಣು ಬಿಟ್ಟು, "ಆರಿಸೋ, ಎಣ್ಣೆ ಯಾಕೆ ದಂಡ ಮಾಡ್ತೀಯ" ಎಂದರು. ಆರಿಸಿದೆ. ಊಟ ಮುಗಿಸಿ ಬಂದು ಕೀ ತಿರುಗಿಸಿದರೆ ಒಂದೇ ಸಲಕ್ಕೆ ಹತ್ತಿಕೊಂಡಿತು. ಬುಧವಾರ ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಬಾಗಿಲಲ್ಲಿದ್ದೆವು.