ಪ್ಲಾಸ್ಮಾದಿಂದ ಕತ್ತರಿಸಿದ ತಗಡಿನಲ್ಲಿ ನಿಖರ ರಂಧ್ರ: ಕಿಲೋ ದರಕ್ಕೆ ಸಿಗದ ಲೆಕ್ಕ

ರೇಷ್ಮೆ ಹಾಗೂ ಕೃಷಿ ಉತ್ಪನ್ನಗಳ ವಹಿವಾಟಿನಿಂದ ಗುರುತಿಸಲ್ಪಡುವ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಕಬ್ಬಿಣದ ಕೆಲಸಕ್ಕೆ ಬೇಡಿಕೆ ಹುಟ್ಟುವುದು ರೈತನ ಮತ್ತು ವರ್ತಕನ ಅಗತ್ಯದಿಂದಲೇ. ಟ್ರ್ಯಾಕ್ಟರ್ ಟ್ರೇಲರಿನ ಕೊಂಡಿ, ಆಲೆಮನೆಯ ಗಾಣದ ಪೀಠ, ಗೋದಾಮಿನ ಕಂಬದ ತಳತಗಡು ಇವೆಲ್ಲವೂ ದಪ್ಪ ತಗಡಿನ ಕೆಲಸಗಳು. ಸುಮಾರು 60 ಕಿ.ಮೀ. ದೂರದ ಮೈಸೂರಿನಲ್ಲಿ ಗಣಕಚಾಲಿತ ಪ್ಲಾಸ್ಮಾ ಯಂತ್ರದಿಂದ ತಗಡನ್ನು ಕತ್ತರಿಸಿ ತರಬಹುದಾಗಿದ್ದು, ಗ್ಯಾಸ್ ಕಟಿಂಗಿಗೆ ಹೋಲಿಸಿದರೆ ಅಂಚು ಬಹಳ ನಯವಾಗಿರುತ್ತದೆ. ತೊಡಕು ಆರಂಭವಾಗುವುದು ಬೋಲ್ಟಿನ ರಂಧ್ರದಲ್ಲಿ.

ಪ್ಲಾಸ್ಮಾ ಜ್ವಾಲೆಯು ಕತ್ತರಿಸುತ್ತಾ ಸಾಗುವಾಗ ಅಂಚು ತುಸು ಓರೆಯಾಗುವುದು ಅದರ ಸ್ವಭಾವ. 12 ಮಿ.ಮೀ. ದಪ್ಪದ ತಗಡಿನಲ್ಲಿ ಓರೆ ಕೇವಲ 3 ಡಿಗ್ರಿಯಿದ್ದರೂ ಮೇಲ್ಮುಖಕ್ಕೂ ಕೆಳಮುಖಕ್ಕೂ 0.6 ಮಿ.ಮೀ.ಗಿಂತ ಹೆಚ್ಚು ಅಂತರ ಬೀಳುತ್ತದೆ. ನೇರ ಅಂಚಿನಲ್ಲಿ ಇದನ್ನು ಸಹಿಸಬಹುದು. ಸಣ್ಣ ರಂಧ್ರದಲ್ಲಿ ಇದು ಸುತ್ತಲೂ ಸೇರಿ ರಂಧ್ರವು ಆಲಿಕೆಯಂತಾಗುತ್ತದೆ. ಕತ್ತರಿಕೆ ಆರಂಭವಾಗಿ ಮುಗಿಯುವ ಜಾಗದಲ್ಲಿ ಒಂದು ಗುಳಿಯೂ ಉಳಿಯುತ್ತದೆ. ಆದಕಾರಣ ಸಾಮಾನ್ಯ ಗಾಳಿ ಪ್ಲಾಸ್ಮಾದಲ್ಲಿ ತಗಡಿನ ದಪ್ಪದ ಸುಮಾರು ಎರಡರಷ್ಟು ವ್ಯಾಸಕ್ಕಿಂತ ಕಿರಿದಾದ ರಂಧ್ರವನ್ನು ನೆಚ್ಚಲಾಗದು. ಉನ್ನತ ದರ್ಜೆಯ ಯಂತ್ರಗಳು ಇದಕ್ಕಿಂತ ಉತ್ತಮವಾಗಿ ಕತ್ತರಿಸುತ್ತವೆಯಾದರೂ ಅವುಗಳ ದರವೂ ಬೇರೆಯೇ.

ಹಾಗಾದರೆ ಪ್ಲಾಸ್ಮಾದಿಂದಲೇ ಕಿರಿದಾದ ರಂಧ್ರ ಮಾಡಿಸಿಕೊಂಡು, ಬಳಿಕ ಡ್ರಿಲ್ಲಿನಿಂದ ಹಿಗ್ಗಿಸಿದರಾಯಿತಲ್ಲವೇ ಎಂಬ ಯೋಚನೆ ಸಹಜ. ಕಾರ್ಯಾಗಾರಗಳು ಹೆಚ್ಚು ಡ್ರಿಲ್ ಬಿಟ್ಟುಗಳನ್ನು ಕಳೆದುಕೊಳ್ಳುವುದು ಇಲ್ಲಿಯೇ. ಗಾಳಿಯ 78 ಭಾಗ ಸಾರಜನಕ. ಕರಗಿದ ಉಕ್ಕು ಅದನ್ನು ಹೀರಿಕೊಂಡು ತಟಕ್ಕನೆ ತಣಿಯುವುದರಿಂದ ಅಂಚಿನಲ್ಲಿ ತೆಳುವಾದ, ಆದರೆ ಅತಿ ಗಟ್ಟಿಯಾದ ಪದರವೊಂದು ಉಂಟಾಗುತ್ತದೆ. ಡ್ರಿಲ್ಲಿನ ಹೊರಮೂಲೆಗಳು ಈ ಪದರವನ್ನೇ ಉಜ್ಜುತ್ತಾ ಮೊಂಡಾಗುತ್ತವೆ. ಅಷ್ಟೇ ಅಲ್ಲದೆ, ಡ್ರಿಲ್ಲು ಓರೆಕೋರೆಯಾದ ಮೊದಲ ರಂಧ್ರವನ್ನೇ ಹಿಂಬಾಲಿಸುತ್ತದೆ. ಮಧ್ಯಬಿಂದುವಿನ ಗುರುತಿಗೆಂದು ಪ್ಲಾಸ್ಮಾದಿಂದ ತೂತು ಹೊಡೆಸುವುದೂ ಇದೇ ಬಗೆಯ ತಪ್ಪು. ಯಂತ್ರದಲ್ಲಿ ಕಡಿಮೆ ವಿದ್ಯುತ್ತಿನ ಗುರುತು ಹಾಕುವ ಸೌಲಭ್ಯವಿದ್ದರೆ ಮೇಲ್ಮೈಯಲ್ಲಿ ತೆಳುವಾದ ಗುರುತನ್ನಷ್ಟೇ ಕೇಳಿ ಪಡೆಯುವುದು ಲೇಸು.

ಆದ್ದರಿಂದ ಆಕಾರವನ್ನು ಪ್ಲಾಸ್ಮಾಕ್ಕೆ ಬಿಟ್ಟು, ಬೋಲ್ಟಿನ ರಂಧ್ರವನ್ನು ಗಟ್ಟಿ ತಗಡಿನಲ್ಲಿ ಸ್ವಂತ ಪಿಲ್ಲರ್ ಡ್ರಿಲ್ಲಿನಲ್ಲಿಯೇ ಮಾಡುವುದು ಸೂಕ್ತ. ಉಕ್ಕಿನ ಕಟ್ಟಡಗಳ ಭಾರತೀಯ ಮಾನಕ ಐ.ಎಸ್. 800:2007ರ ಪ್ರಕಾರ 16 ಮಿ.ಮೀ. ಬೋಲ್ಟಿಗೆ 18 ಮಿ.ಮೀ. ರಂಧ್ರ ಸಲ್ಲುತ್ತದೆ. ಅಂದರೆ ಇರುವ ಸಡಿಲಿಕೆ 2 ಮಿ.ಮೀ. ಮಾತ್ರ. ಎರಡು ತಗಡುಗಳ ರಂಧ್ರಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸರಿದರೆ ಅದು ಬೇಗನೆ ಮುಗಿದುಹೋಗುತ್ತದೆ.

ಇದಕ್ಕೆ ಪರಿಹಾರ ಜಿಗ್. ದಪ್ಪ ತಗಡಿನಲ್ಲಿ ಒಮ್ಮೆ ನಿಖರವಾಗಿ ರಂಧ್ರಗಳನ್ನು ಕೊರೆದು, ಗಟ್ಟಿಗೊಳಿಸಿದ ಬುಷ್‌ಗಳನ್ನು ಕೂರಿಸಿ, ಎರಡು ಬದಿಗೆ ತಡೆಗಳನ್ನು ಬೆಸೆಯಬೇಕು. ಕೆಲಸದ ತಗಡಿನ ಎರಡು ಅಂಚುಗಳನ್ನು ಗ್ರೈಂಡರಿನಿಂದ ನೇರಗೊಳಿಸಿ ಆ ತಡೆಗಳಿಗೆ ಒತ್ತಿ ಬಿಗಿಯಬೇಕು. ಬುಷ್ ಮೂಲಕ ಮೊದಲು 6 ಮಿ.ಮೀ. ರಂಧ್ರ, ಬಳಿಕ ಪೂರ್ಣ ಅಳತೆ. ಮೊದಲ ರಂಧ್ರ ಮುಗಿದೊಡನೆ ಅದರಲ್ಲಿ ಒಂದು ಪಿನ್ನನ್ನು ತೂರಿಸಿಟ್ಟರೆ ಉಳಿದವುಗಳನ್ನು ಕೊರೆಯುವಾಗ ತಗಡು ಕದಲದು. 18 ಮಿ.ಮೀ. ಹೈಸ್ಪೀಡ್ ಡ್ರಿಲ್ಲಿಗೆ ಮೆದು ಉಕ್ಕಿನಲ್ಲಿ ನಿಮಿಷಕ್ಕೆ ಸುಮಾರು 440 ಸುತ್ತು ಸಾಕು. ಇದಕ್ಕಿಂತ ವೇಗವಾಗಿ ಓಡಿಸಿ, ಕಟಿಂಗ್ ಆಯಿಲಿನಲ್ಲಿ ಜಿಪುಣತನ ತೋರಿದರೆ ಉಳಿತಾಯವಾಗುವುದು ಏನೂ ಇಲ್ಲ.

ಈಗ ಹಣದ ಮಾತು. ಫ್ಯಾಬ್ರಿಕೇಷನ್ ಕೆಲಸಕ್ಕೆ ಕಿಲೋ ಲೆಕ್ಕದಲ್ಲಿ ದರ ಹೇಳುವ ರೂಢಿಯಿದೆ. ರಂಧ್ರಕ್ಕಾದರೋ ತೂಕವಿಲ್ಲ, ಇದ್ದ ತೂಕವನ್ನೂ ಅದು ಕಡಿಮೆ ಮಾಡುತ್ತದೆ! ಶೆಡ್ಡೊಂದಕ್ಕೆ 40 ತಳತಗಡು, ತಗಡಿಗೆ 4 ರಂಧ್ರ ಎಂದು ಹಿಡಿದರೆ ಒಟ್ಟು 160. ಪ್ರತಿ ರಂಧ್ರವನ್ನು ಅಳೆದು ಪಂಚ್ ಹಾಕಲು 3 ನಿಮಿಷವಾದರೂ 8 ಗಂಟೆ, ಅಂದರೆ ಒಬ್ಬ ಕುಶಲ ಕೆಲಸಗಾರನ ಇಡೀ ದಿನದ ಕೂಲಿ, ಕೊರೆಯುವ ಮೊದಲೇ ಖರ್ಚಾಗಿರುತ್ತದೆ. ಜಿಗ್ ಇದ್ದರೆ ತಗಡಿಗೆ ಒಂದು ನಿಮಿಷದಂತೆ 40 ನಿಮಿಷ. ಜಿಗ್ ತಯಾರಿಸಲು ಅರ್ಧ ದಿನ ಹಿಡಿದರೂ ಮೊದಲ ಆರ್ಡರಿನಲ್ಲಿಯೇ ಅದು ಹೆಚ್ಚುಕಡಿಮೆ ಗಿಟ್ಟುತ್ತದೆ. ಎರಡನೆಯದರಲ್ಲಿ ಪೂರ್ತಿ ಲಾಭ. ದರಪಟ್ಟಿಯಲ್ಲಿ ‘ರಂಧ್ರ ಒಂದಕ್ಕೆ ಇಷ್ಟು’ ಎಂಬ ಪ್ರತ್ಯೇಕ ಸಾಲು ಇರಲೇಬೇಕು. ಅದಿಲ್ಲದೆ ಒಪ್ಪಿಕೊಂಡ ಕೆಲಸದಲ್ಲಿ, ಜೋಡಣೆಯ ದಿನ ಬೋಲ್ಟು ಕೂರದೆ ಗ್ಯಾಸ್ ಕಟರಿನಿಂದ ರಂಧ್ರ ಅಗಲಿಸುವ ಸ್ಥಿತಿ ಬಂದರೆ, ಗಿರಾಕಿ ತಡೆಹಿಡಿಯುವುದು ಕೊನೆಯ ಬಿಲ್ಲನ್ನು. ಸಣ್ಣ ಉದ್ದಿಮೆದಾರನ ಲಾಭವೆಲ್ಲ ಇರುವುದು ಸಾಮಾನ್ಯವಾಗಿ ಆ ಬಿಲ್ಲಿನಲ್ಲಿಯೇ.

ಸ್ವಂತ ತಗಡನ್ನು ಕತ್ತರಿಸಲು ಕಳುಹಿಸುವ ನೋಂದಾಯಿತ ಉದ್ದಿಮೆದಾರರು ಡೆಲಿವರಿ ಚಲನ್ ಬರೆಯಲು ಮರೆಯಬಾರದು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ 143ನೇ ಕಲಮಿನಂತೆ ಜಾಬ್ ವರ್ಕಿಗೆ ಹೋದ ಕಚ್ಚಾಮಾಲು ಒಂದು ವರ್ಷದೊಳಗೆ ಹಿಂದಿರುಗದಿದ್ದರೆ, ಕಳುಹಿಸಿದ ದಿನವೇ ಮಾರಾಟವಾದಂತೆ ಪರಿಗಣಿಸಲಾಗುತ್ತದೆ. ಜಿಗ್, ಫಿಕ್ಸ್‌ಚರ್ ಹಾಗೂ ಉಪಕರಣಗಳಿಗೆ ಈ ಕಾಲಮಿತಿ ಅನ್ವಯಿಸುವುದಿಲ್ಲ. ಹೀಗಾಗಿ ಮೈಸೂರಿನ ಉದ್ದಿಮೆಯೊಂದು ತನ್ನ ಜಿಗ್ಗನ್ನೇ ಕೊಳ್ಳೇಗಾಲದ ಕಾರ್ಯಾಗಾರಕ್ಕೆ ಕೊಟ್ಟು, ಕೊರೆಯುವ ಕೆಲಸವನ್ನು ವರ್ಷಗಟ್ಟಲೆ ಇಲ್ಲಿಯೇ ಮಾಡಿಸಿಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಕತ್ತರಿಸಿ ಉಳಿದ ಚೂರುಗಳ ಒಡೆತನ ಯಾರದೆಂಬುದನ್ನು ಮಾತ್ರ ಮೊದಲೇ ಬರವಣಿಗೆಯಲ್ಲಿ ತೀರ್ಮಾನಿಸಿಕೊಳ್ಳಬೇಕು, ಗುಜರಿಗೂ ತೆರಿಗೆಯುಂಟು.