ಲ್ಯಾಟೆಕ್ಸ್ ಹಾಸಿಗೆಯ ಆನ್‌ಲೈನ್ ಖರೀದಿ: ಮಾರಾಟಗಾರನನ್ನು ಅಳೆಯುವುದು ಹೇಗೆ?

ಕೋಲ್ಕತಾ: ಚಳಿಗಾಲ ಸಮೀಪಿಸುತ್ತಿದ್ದಂತೆ ಈ ಮಹಾನಗರದ ಗಲ್ಲಿಗಳಲ್ಲಿ ಬಿಲ್ಲಿನಂಥ ಸಾಧನವನ್ನು ಹೆಗಲಿಗೇರಿಸಿ, ಅದರ ತಂತಿ ಮೀಟುತ್ತಾ ಸಾಗುವ ‘ಧುನುರಿ’ಗಳು ಇಂದಿಗೂ ಕಾಣಸಿಗುತ್ತಾರೆ. ಕರ್ನಾಟಕದ ಪಿಂಜಾರರ ಕಸುಬೇ ಇವರದ್ದೂ. ಮನೆಯವರ ಕಣ್ಣೆದುರೇ ಹತ್ತಿಯನ್ನು ಹಿಂಜಿ, ತುಂಬಿ, ಹೊಲಿದು ಕೊಡುವುದರಿಂದ ಹಾಸಿಗೆಯ ಒಳಗೇನಿದೆ ಎಂಬ ಸಂಶಯಕ್ಕೆ ಅಲ್ಲಿ ಎಡೆಯಿಲ್ಲ.

ಆನ್‌ಲೈನ್‌ನಲ್ಲಿ ಕೊಳ್ಳುವ ಲ್ಯಾಟೆಕ್ಸ್ ಹಾಸಿಗೆಯ ಕಥೆ ಬೇರೆ. ಅದು ಹೊಲಿದು ಮುಚ್ಚಿದ ವಸ್ತು. ಮುಟ್ಟಿ ನೋಡುವ ಮೊದಲೇ ಹಣ ಪಾವತಿಸಬೇಕು, ಬೆಲೆಯೂ ಕಡಿಮೆಯೇನಲ್ಲ. ಬ್ಯಾಂಕ್, ರೈಲ್ವೆ, ಕೇಂದ್ರ ಸರಕಾರಿ ಕಚೇರಿಗಳ ವರ್ಗಾವಣೆಯಿಂದ ಇಲ್ಲಿಗೆ ಬರುವ ಕನ್ನಡಿಗ ಕುಟುಂಬಗಳಿಗೆ ಪರಿಚಯದ ಅಂಗಡಿಯೂ ಇರುವುದಿಲ್ಲ. ಊರಿನಿಂದ ಬರುವ ತಂದೆತಾಯಿಯ ಬೆನ್ನುನೋವನ್ನು ನೆನೆದು ದುಬಾರಿ ಹಾಸಿಗೆ ತರಿಸಿಕೊಂಡು, ಆರು ತಿಂಗಳಲ್ಲಿ ಅದು ಕುಸಿದರೆ ದೂರುವುದು ಯಾರಲ್ಲಿ? ಆದ್ದರಿಂದ ಹಾಸಿಗೆಯ ಗುಣಕ್ಕಿಂತ ಮೊದಲು ಮಾರಾಟಗಾರನ ಗುಣ ಪರೀಕ್ಷಿಸುವುದು ಲೇಸು. ಒಳಗೇನಿದೆ, ತಾನು ಯಾರು ಎಂಬ ಎರಡು ಪ್ರಶ್ನೆಗಳಿಗೆ ಲಿಖಿತವಾಗಿ, ನೇರವಾಗಿ ಉತ್ತರಿಸುವವನೇ ನಂಬಿಕೆಗೆ ಅರ್ಹ.

ಡನ್‌ಲಪ್ ಎಂಬ ಹೆಸರು

ನಗರದ ಉತ್ತರ ಭಾಗದಲ್ಲಿ ಬಿ.ಟಿ. ರೋಡ್‌ನಲ್ಲಿ ಸಾಗುವವರಿಗೆ ‘ಡನ್‌ಲಪ್’ ಒಂದು ಬಸ್ ನಿಲ್ದಾಣ. ಹೂಗ್ಲಿ ಜಿಲ್ಲೆಯ ಸಾಹಗಂಜ್‌ನಲ್ಲಿ 1936ರಲ್ಲಿ ಆರಂಭವಾದ ಡನ್‌ಲಪ್ ಟಯರ್ ಕಾರ್ಖಾನೆ ಮುಚ್ಚಿ ವರ್ಷಗಳೇ ಸಂದಿವೆ. ಆದರೆ ಅದೇ ಹೆಸರಿನ ಬ್ರಿಟಿಷ್ ಕಂಪೆನಿಯಲ್ಲಿ 1929ರಲ್ಲಿ ರೂಪುಗೊಂಡ ಲ್ಯಾಟೆಕ್ಸ್ ಫೋಮ್ ತಯಾರಿಕಾ ವಿಧಾನ ಇಂದಿಗೂ ‘ಡನ್‌ಲಪ್ ವಿಧಾನ’ ಎಂದೇ ಬಳಕೆಯಲ್ಲಿದೆ. ರಬ್ಬರ್ ಹಾಲನ್ನು ಗಾಳಿ ಸೇರಿಸಿ ನೊರೆಯಾಗಿಸಿ, ಅಚ್ಚಿಗೆ ಸುರಿದು, ಬಿಸಿಯಲ್ಲಿ ಗಟ್ಟಿಗೊಳಿಸಿ, ತೊಳೆದು ಒಣಗಿಸುವುದು ಇದರ ಕ್ರಮ. ‘ಟಾಲಲೇ’ ಎಂಬುದು ಇನ್ನೊಂದು ವಿಧಾನ. ಇವೆರಡೂ ತಯಾರಿಯ ಬಗೆಗಳೇ ಹೊರತು ಶುದ್ಧತೆಯ ಪ್ರಮಾಣಪತ್ರಗಳಲ್ಲ. ಮೇಲಾಗಿ ನಮ್ಮ ಜನ ಎಲ್ಲ ಬಗೆಯ ಫೋಮನ್ನೂ ‘ಡನ್‌ಲಪ್’ ಎಂದು ಕರೆಯುವುದುಂಟು. ಜಾಹೀರಾತಿನಲ್ಲಿ ಆ ಪದ ಕಂಡ ಮಾತ್ರಕ್ಕೆ ಒಳಗಿರುವುದು ಲ್ಯಾಟೆಕ್ಸ್ ಎಂದು ತಿಳಿಯಬೇಕಾಗಿಲ್ಲ.

‘ಶೇ. 100 ನೈಸರ್ಗಿಕ’ ಎಂದರೇನು?

ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯ ಕನ್ನಡಿಗರಿಗೆ ರಬ್ಬರ್ ಹಾಲು ಹೊಸದಲ್ಲ. ಬೆಳಗಿನ ಜಾವ ಟ್ಯಾಪಿಂಗ್ ಮಾಡಿದ ಹಾಲಿನಲ್ಲಿ ಸುಮಾರು ಮೂರನೇ ಒಂದು ಭಾಗವಷ್ಟೇ ರಬ್ಬರ್. ಉಳಿದದ್ದು ಬಹುಪಾಲು ನೀರು. ಯಂತ್ರದಲ್ಲಿ ತಿರುಗಿಸಿ ಶೇ. 60ರಷ್ಟು ಸಾಂದ್ರಗೊಳಿಸಿದ ಹಾಲಿನಿಂದ ಫೋಮ್ ತಯಾರಾಗುತ್ತದೆ. ಅದು ಗಟ್ಟಿಯಾಗಲು ಗಂಧಕ, ಸತುವಿನ ಆಕ್ಸೈಡ್ ಮುಂತಾದವನ್ನು ಸ್ವಲ್ಪ ಸೇರಿಸಲೇಬೇಕು. ಹಾಗಾಗಿ ಪ್ರಾಮಾಣಿಕ ಮಾರಾಟಗಾರ ‘ಬಳಸಿದ ಲ್ಯಾಟೆಕ್ಸ್ ಪೂರ್ತಿ ನೈಸರ್ಗಿಕ, ಗಟ್ಟಿಗೊಳಿಸಲು ಇಂತಿಷ್ಟು ಇತರ ವಸ್ತು ಸೇರಿದೆ’ ಎಂದು ವಿವರಿಸುತ್ತಾನೆ. ‘ಒಂದಿಷ್ಟೂ ರಾಸಾಯನಿಕವಿಲ್ಲ’ ಎಂದು ಎದೆ ತಟ್ಟಿ ಹೇಳುವವನ ಬಗ್ಗೆ ಜಾಗ್ರತೆ ವಹಿಸಬೇಕು.

ಕೃತಕ ರಬ್ಬರ್ (ಎಸ್‌ಬಿಆರ್) ಬೆರೆಸಿದ ಫೋಮ್, ಮಾಮೂಲಿ ಪಿ.ಯು. ಫೋಮ್ ಮೇಲೆ ಒಂದಿಂಚು ಲ್ಯಾಟೆಕ್ಸ್ ಹೊದಿಸಿದ ಹಾಸಿಗೆ, ತೆಂಗಿನ ನಾರನ್ನು ರಬ್ಬರ್ ಹಾಲಿನಿಂದ ಅಂಟಿಸಿದ ಕಾಯರ್ ಹಾಸಿಗೆ - ಇವೆಲ್ಲವೂ ‘ಲ್ಯಾಟೆಕ್ಸ್’ ಎಂಬ ಪದದ ನೆರಳಿನಲ್ಲಿ ಮಾರಾಟವಾಗಬಹುದು. ಅವು ಕೆಟ್ಟವೆಂದಲ್ಲ; ಆದರೆ ಲ್ಯಾಟೆಕ್ಸ್ ಬೆಲೆಗೆ ಕೊಳ್ಳತಕ್ಕವಲ್ಲ. ಯಾವ ಪದರ ಎಷ್ಟು ಇಂಚು, ಯಾವ ವಸ್ತು ಎಂದು ಇ-ಮೇಲ್‌ನಲ್ಲಿ ಕೇಳಿ ಉತ್ತರವನ್ನು ಜೋಪಾನವಾಗಿಡುವುದು ಒಳಿತು. ಹೊದಿಕೆಗೆ ಜಿಪ್ ಇದ್ದು, ತೆರೆದು ನೋಡಲು ಅವಕಾಶ ಕೊಡುವವನು ಒಂದು ಹೆಜ್ಜೆ ಮುಂದೆ.

ತೂಕದ ಲೆಕ್ಕ

ಫೋನಿನಲ್ಲೇ ಕೇಳಬಹುದಾದ ಸರಳ ಪ್ರಶ್ನೆಯೊಂದಿದೆ: ‘ಹಾಸಿಗೆಯ ತೂಕವೆಷ್ಟು?’ 78 ಇಂಚು ಉದ್ದ, 60 ಇಂಚು ಅಗಲ, 6 ಇಂಚು ದಪ್ಪದ ಹಾಸಿಗೆಯ ಗಾತ್ರ ಸುಮಾರು 0.46 ಘನ ಮೀಟರ್. ಲ್ಯಾಟೆಕ್ಸ್ ಸಾಂದ್ರತೆ ಘನ ಮೀಟರಿಗೆ 80 ಕಿಲೋ ಎಂದು ಮಾರಾಟಗಾರ ಹೇಳಿದರೆ ಒಳಗಿನ ಫೋಮ್ ಸುಮಾರು 37 ಕಿಲೋ ತೂಗಬೇಕು. 32 ಸಾಂದ್ರತೆಯ ಪಿ.ಯು. ಫೋಮ್ ಆದರೆ 15 ಕಿಲೋ ಮೀರದು. ಹೇಳಿದ ಸಾಂದ್ರತೆಗೂ ತೂಕಕ್ಕೂ ತಾಳೆಯಾಗದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಬಹುದು. ಆದರೆ ತೂಕವೊಂದೇ ಸಾಕ್ಷಿಯಲ್ಲ. ಚೂರು ಫೋಮ್ ಒತ್ತಿ ಮಾಡಿದ ಹಾಸಿಗೆಯೂ ಭಾರವಾಗಿರುತ್ತದೆ. ಕೃತಕ ರಬ್ಬರಿನ ಬೆರಕೆ ತೂಕದಿಂದ ಪತ್ತೆಯಾಗದು.

ಪ್ರಮಾಣಪತ್ರಗಳನ್ನೂ ಹೀಗೆಯೇ ವಿಂಗಡಿಸಿ ನೋಡಬೇಕು. ‘ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100’ ಹಾನಿಕರ ವಸ್ತುಗಳ ಪರೀಕ್ಷೆಯೇ ವಿನಾ ಲ್ಯಾಟೆಕ್ಸ್ ನೈಸರ್ಗಿಕವೆಂಬ ಖಾತರಿಯಲ್ಲ. ‘ಗೋಲ್ಸ್’ ಎಂಬುದು ಸಾವಯವ ಲ್ಯಾಟೆಕ್ಸ್‌ನ ಮಾನದಂಡ. ಭಾರತೀಯ ಮಾನಕ ಸಂಸ್ಥೆಯಲ್ಲಿ ಲ್ಯಾಟೆಕ್ಸ್ ಫೋಮ್ ವಸ್ತುಗಳಿಗೆ ಐಎಸ್ 1741 ಎಂಬ ಮಾನಕವಿದೆ. ಐಎಸ್‌ಐ ಮುದ್ರೆಯಿದ್ದರೆ ಜೊತೆಗಿರುವ ‘ಸಿಎಂ/ಎಲ್’ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಚಿತ್ರ ತೋರಿಸಿ ಸಂಖ್ಯೆ ಮುಚ್ಚಿಡುವವರನ್ನು ದೂರವಿಡುವುದೇ ಕ್ಷೇಮ.

ಅವನು ಯಾರು, ಎಲ್ಲಿಯವನು?

ಮಾರಾಟಗಾರನ ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ್ದು: ಪಶ್ಚಿಮ ಬಂಗಾಳ 19, ಕರ್ನಾಟಕ 29, ಕೇರಳ 32, ತಮಿಳುನಾಡು 33. ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿದರೆ ನೋಂದಾಯಿತ ಹೆಸರು, ನೋಂದಣಿಯ ದಿನಾಂಕ, ವಹಿವಾಟಿನ ಸ್ಥಳ ಉಚಿತವಾಗಿ ದೊರೆಯುತ್ತವೆ. ‘ಕೇರಳದ ನಮ್ಮದೇ ಕಾರ್ಖಾನೆಯಿಂದ ನೇರ’ ಎನ್ನುವವನ ಸಂಖ್ಯೆ ಬೇರೆ ರಾಜ್ಯದ್ದಾಗಿದ್ದರೆ, ಇಪ್ಪತ್ತು ವರ್ಷದ ಅನುಭವ ಹೇಳುವವನ ನೋಂದಣಿ ಕಳೆದ ವರ್ಷದ್ದಾಗಿದ್ದರೆ ಕಾರಣ ಕೇಳಬೇಕು. ಸಮರ್ಪಕ ಉತ್ತರವೂ ಇರಬಹುದು. ಕೇಳಿದ್ದಕ್ಕೆ ಸಿಡುಕಿದರೆ ಅದೇ ಉತ್ತರ.

2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಸಂಸ್ಥೆಯ ಕಾನೂನುಬದ್ಧ ಹೆಸರು, ವಿಳಾಸ, ದೂರು ಅಧಿಕಾರಿಯ ವಿವರ ಗ್ರಾಹಕನಿಗೆ ಕಾಣುವಂತಿರಬೇಕು. ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ದೋಷವಿರುವ ಅಥವಾ ವರ್ಣಿಸಿದಂತಿರದ ಸರಕನ್ನು ಮಾರಾಟಗಾರ ಹಿಂದೆ ಪಡೆಯಲು ನಿರಾಕರಿಸುವಂತಿಲ್ಲ. ತಾನೇ ಗ್ರಾಹಕನ ವೇಷದಲ್ಲಿ ಹೊಗಳಿಕೆ ಬರೆಯುವುದಕ್ಕೂ ನಿಷೇಧವಿದೆ.

ಆದರೂ ನಕ್ಷತ್ರಗಳ ಎಣಿಕೆಯನ್ನೇ ನಂಬಿ ಕೂರಲಾಗದು. ಹಾಸಿಗೆ ಬಂದ ದಿನವೇ ಬರೆದ ಹೊಗಳಿಕೆಗಿಂತ ಎರಡು ವರ್ಷ ಮಲಗಿದವರ ಮಾತಿಗೆ ಬೆಲೆ ಹೆಚ್ಚು. ‘ಇನ್ನು ಹತ್ತೇ ನಿಮಿಷ ಈ ದರ’ ಎಂದು ಗಡಿಯಾರ ಓಡಿಸಿ ಸುಳ್ಳು ಅವಸರ ಹುಟ್ಟಿಸುವುದನ್ನು 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಗಳು ನಿಷೇಧಿಸಿವೆ. ಬೆನ್ನುನೋವು ಗುಣಪಡಿಸುವುದಾಗಿ ಭರವಸೆ ಕೊಡುವವನು ಹಾಸಿಗೆ ಮಾರುತ್ತಿಲ್ಲ, ಆಸೆ ಮಾರುತ್ತಿದ್ದಾನೆ. ರಬ್ಬರ್ ಹಾಲಿನಿಂದ ಅಲರ್ಜಿಯಾಗುವವರೂ ಇದ್ದಾರೆ ಎಂಬುದನ್ನು ತಾನಾಗಿ ತಿಳಿಸುವವನೇ ಮೇಲು.

ವಾಪಸಾತಿ ಮತ್ತು ವರ್ಗಾವಣೆ

‘100 ರಾತ್ರಿ ಪರೀಕ್ಷೆ’ ಎಂಬ ಕೊಡುಗೆಯಲ್ಲಿ ಮುಖ್ಯವಾದುದು ರಾತ್ರಿಗಳ ಎಣಿಕೆಯಲ್ಲ. ಮೂರನೇ ಮಹಡಿಯಿಂದ 37 ಕಿಲೋ ಹಾಸಿಗೆ ಇಳಿಸಿ ದಕ್ಷಿಣ ಭಾರತಕ್ಕೆ ಕಳುಹಿಸುವ ಖರ್ಚು ಯಾರದು, ಹಣ ಎಷ್ಟು ದಿನದಲ್ಲಿ ಮರಳುತ್ತದೆ, ಪೂರ್ತಿಯೋ ಕಡಿತವೋ ಎಂಬುದು ಮುಖ್ಯ. ವಾರಂಟಿಯಲ್ಲಿ ಎಷ್ಟು ಇಂಚು ತಗ್ಗಿದರೆ ದೋಷವೆಂದು ಒಪ್ಪುತ್ತಾರೆ, ಮುಂದೆ ಪುಣೆಗೋ ಗುವಾಹಟಿಗೋ ವರ್ಗವಾದರೆ ಅಲ್ಲಿಯೂ ಅನ್ವಯಿಸುವುದೇ ಎಂದೂ ಕೇಳಿಕೊಳ್ಳಬೇಕು.

ಕೋಲ್ಕತಾದ ತೇವದ ಹವೆಗೆ ಸಂಬಂಧಿಸಿ ಇನ್ನೊಂದು ಮಾತು. ಇಲ್ಲಿ ಚಳಿಗಾಲದಲ್ಲಿ ಲೇಪು, ತೋಷಕ್‌ಗಳನ್ನು ತಾರಸಿಯ ಬಿಸಿಲಿಗೆ ಹಾಕುವುದು ವಾಡಿಕೆ. ಲ್ಯಾಟೆಕ್ಸ್‌ಗೆ ಬಿಸಿಲು ಶತ್ರು; ರಬ್ಬರ್ ಒಣಗಿ ಪುಡಿಯಾಗುತ್ತದೆ. ಸಂದಿಯಿಲ್ಲದ ಹಲಗೆಯ ಮೇಲೆ ಹಾಸಿದರೆ ಅಡಿಯಲ್ಲಿ ತೇವ ನಿಂತು ಬೂಷ್ಟು ಹಿಡಿಯಬಹುದು. ಇದನ್ನು ಮಾರುವ ಮುನ್ನವೇ ಎಚ್ಚರಿಸುವವನಿಗೆ ತನ್ನ ಸರಕು ಗೊತ್ತಿದೆ ಎಂದರ್ಥ.

ಮೋಸವಾದರೆ

ವ್ಯಕ್ತಿಯ ಹೆಸರಿನ ಯುಪಿಐ ಖಾತೆಗೆ ಮುಂಗಡ ಕೇಳಿದರೆ ಕೊಡಬಾರದು. ಹಣ ಪಡೆದು ಮಾಯವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಸರಕಿನ ದೋಷಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ದೂರುದಾರ ತಾನು ವಾಸಿಸುವ ಊರಿನ ಜಿಲ್ಲಾ ಆಯೋಗದಲ್ಲೇ ದಾವೆ ಹೂಡಬಹುದು. ಮಾರಾಟಗಾರ ಎರ್ನಾಕುಲಂನಲ್ಲಿದ್ದರೂ ಅಲ್ಲಿಗೆ ಹೋಗಬೇಕಾಗಿಲ್ಲ. ಕಾಲಮಿತಿ ಎರಡು ವರ್ಷ. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ. ಬಿಲ್, ಇ-ಮೇಲ್, ಹಾಸಿಗೆ ಬಿಚ್ಚುವಾಗಿನ ಚಿತ್ರಗಳು ಕೈಯಲ್ಲಿರಬೇಕಷ್ಟೆ.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆಯೊಂದು ಸಂಘದ ಸದಸ್ಯರ ಕೈಯಲ್ಲೇ ಇದೆ. ಎರಡು-ಮೂರು ವರ್ಷದ ಹಿಂದೆ ಇಂಥ ಹಾಸಿಗೆ ಕೊಂಡ ಸದಸ್ಯರ ಮನೆಗೆ ಹೋಗಿ, ಅದರ ಮೇಲೆ ಕಾಲು ಗಂಟೆ ಮಲಗಿ, ನಡುಭಾಗ ತಗ್ಗಿದೆಯೇ ನೋಡಿ, ದೂರು ಕೊಟ್ಟಾಗ ಮಾರಾಟಗಾರ ಫೋನ್ ಎತ್ತಿದನೇ ಎಂದು ವಿಚಾರಿಸಬಹುದು. ಮುಂದಿನ ಬಾರಿ ಸಂಘದಲ್ಲಿ ಸೇರಿದಾಗ ಹೊಸದಾಗಿ ಬಂದ ಕುಟುಂಬಗಳಿಗೆ ಈ ಅನುಭವ ಹಂಚಿದರೆ ಯಾರದಾದರೂ ಒಂದು ತಿಂಗಳ ಸಂಬಳ ಉಳಿದೀತು.