ಭೌಗೋಳಿಕ ನಿರ್ಬಂಧ ಮತ್ತು ವಿಪಿಎನ್
ಬಳಕೆದಾರರು ಇರುವ ದೇಶವನ್ನು ಆಧರಿಸಿ ಅಂತರಜಾಲ ಸೇವೆಯನ್ನು ತಡೆಯುವ ಕ್ರಮವೇ ಭೌಗೋಳಿಕ ನಿರ್ಬಂಧ. ಐಪಿ ವಿಳಾಸದಿಂದ ದೇಶವನ್ನು ಗುರುತಿಸಲಾಗುತ್ತದೆ. ಪ್ರಸಾರದ ಹಕ್ಕುಗಳು ದೇಶವಾರು ಮಾರಾಟವಾಗುವುದರಿಂದ, ವಿದೇಶಕ್ಕೆ ತೆರಳಿದವರಿಗೆ ಸ್ವದೇಶದ ವಾಹಿನಿಗಳು ದೊರೆಯದೆ ಹೋಗಬಹುದು.

ವಿಪಿಎನ್ ತಂತ್ರಾಂಶವು ದತ್ತಾಂಶವನ್ನು ಗೂಢಲಿಪಿಗೆ ಪರಿವರ್ತಿಸಿ ಬೇರೊಂದು ಸರ್ವರ್ ಮೂಲಕ ಕಳುಹಿಸುತ್ತದೆ. ಜಾಲತಾಣಕ್ಕೆ ಆ ಸರ್ವರ್‌ನ ವಿಳಾಸವಷ್ಟೇ ಕಾಣುತ್ತದೆ. ಇಂತಹ ವಿಳಾಸಗಳನ್ನು ಗುರುತಿಸಿ ತಡೆಯುವ ಸೇವೆಗಳೂ ಇವೆ.

ಐರೋಪ್ಯ ಒಕ್ಕೂಟದಲ್ಲಿ, ಮತ್ತೊಂದು ಸದಸ್ಯ ದೇಶಕ್ಕೆ ತಾತ್ಕಾಲಿಕವಾಗಿ ತೆರಳಿದ ಚಂದಾದಾರರಿಗೆ ಅವರು ಹಣ ತೆತ್ತ ಸೇವೆಯನ್ನು ಅಲ್ಲಿಯೂ ಒದಗಿಸುವುದು 2018ರ ಏಪ್ರಿಲ್ 1ರಿಂದ ಕಡ್ಡಾಯವಾಗಿದೆ. ಭಾರತದಲ್ಲಿ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು, ಗ್ರಾಹಕರ ವಿವರಗಳನ್ನು ಕನಿಷ್ಠ 5 ವರ್ಷ ಕಾಯ್ದಿರಿಸುವಂತೆ ವಿಪಿಎನ್ ಕಂಪನಿಗಳಿಗೆ ನಿರ್ದೇಶಿಸಿತು. ಇದನ್ನು ಒಪ್ಪದ ಎಕ್ಸ್‌ಪ್ರೆಸ್‌ವಿಪಿಎನ್ ಭಾರತದಲ್ಲಿನ ಸರ್ವರ್‌ಗಳನ್ನು ತೆಗೆದು, ಸಿಂಗಪುರ ಹಾಗೂ ಬ್ರಿಟನ್ನಿನ ಸರ್ವರ್‌ಗಳಿಂದಲೇ ಭಾರತದ ಐಪಿ ವಿಳಾಸ ನೀಡತೊಡಗಿತು.